ಕೊಳವೆಯ ಕೆಳಗಿನ ಕೆಂಪು ಮಣ್ಣು

ನಮ್ಮ ಸಣ್ಣಮಾವನ ಮೇಲೆ ಮಾಳಿಗೆ ಬಿದ್ದದ್ದು ಮಳೆ ಹೆಚ್ಚಾಗಿ ಎಂದು ಕುರುಗೋಡಿನಲ್ಲಿ ಇವತ್ತಿಗೂ ಹೇಳುತ್ತಾರೆ. ಸುಳ್ಳು. ಬೀಳುತ್ತದೆ ಎಂದು ಅವರು ಹೇಳಿದ್ದರು, ನಾವ್ಯಾರೂ ಕೇಳಲಿಲ್ಲ, ಬಿತ್ತು. ಅಷ್ಟೇ. ಮಣ್ಣು ನೆಕ್ಕುವವರ ಮಾತು ಯಾರು ಕೇಳುತ್ತಾರೆ ಹೇಳಿ!

ಹೌದು, ನೆಕ್ಕುತ್ತಿದ್ದರು. ಸಣ್ಣಮಾವ ಎಂದರೆ ನನ್ನ ಮಾವನ ತಮ್ಮ. ನಮ್ಮ ಬಳ್ಳಾರಿ ಸೀಮೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಮದುವೆ ಬೇಡವೆಂದು ಮನೆ ಬಿಟ್ಟು ಓಡಿ, ಕೃಷ್ಣೆ ಸಮುದ್ರ ಸೇರುವ ಮಚಲಿಬಂದರದ ಕಡೆ ಸರಕಿನ ಹಡಗಿನಲ್ಲಿ ದುಡಿದು, ತಲೆ ನರೆತ ಮೇಲೆ ಬಂದವರು. ಸಮುದ್ರಕ್ಕೆ ಹೋದವರು ಶಂಖವನ್ನಾದರೂ ತರುತ್ತಾರೆ. ಇವರು ತಂದದ್ದು ಒಂದು ಕಥೆ! ಹಡಗಿನವರು ಆಳ ನೋಡಲು ಸೀಸದ ಗುಂಡಿಗೆ ಕೊಬ್ಬು ಸವರಿ, ಹಗ್ಗ ಕಟ್ಟಿ ಇಳಿಬಿಡುತ್ತಿದ್ದರಂತೆ. ತಳದ ಮಣ್ಣು ಕೊಬ್ಬಿಗೆ ಅಂಟಿಕೊಂಡು ಮೇಲೆ ಬರುತ್ತಿತ್ತಂತೆ.

"ನೆಕ್ಕಿ ನೋಡಿದೆ ಯವ್ವಾ. ನಮ್ಮ ಗುಡ್ಡದ ಮಣ್ಣ ಅದು! ಹಳ್ಳಕ್ಕಿಳದು, ಹೊಳಿ ಸೇರಿ, ಕೃಷ್ಣಿಗೆ ಕೂಡಿ, ಸಮುದ್ರದ ಬುಡಕ್ಕ ಹೋಗಿ ಮೊರದಂಗ ಹಾಸಿಕೊಂಡೈತಿ, ಪದರಿನ ಮ್ಯಾಲೆ ಪದರು. ಅದನ್ನ ಕೊಯ್ದು ನೋಡಿದ್ರ ಗುಡ್ಡ ಯಾವಾಗ ಎಷ್ಟು ಸವೀತು ಅಂತ ಗೊತ್ತಾಕೈತಿ."

"ಸಮುದ್ರದ ಮಣ್ಣು ಉಪ್ಪಿರಂಗಿಲ್ಲೇನ್ರಿ?" ಎಂದೆ.

"ಉಪ್ಪು ಉಗುಳಿದ ಮ್ಯಾಲೆ ನಮ್ಮೂರ ರುಚಿನ!"

ನಾನು ಎರಡನೇ ಕ್ಲಾಸಿಗೆ ಸಾಲೆ ಬಿಟ್ಟವಳು. ನನಗೇ ನಗು ಬಂತು. ಬಾಗಿಲು ತೆರೆದರೆ ಎದುರಿಗೇ ಕೂತಿರುವ ಗುಡ್ಡ ಯಾವಾಗ ಎದ್ದು ಹೋಯಿತು!

ನಾದಿನಿಯನ್ನು ನೋಡಲು ಹೊಳೆದಂಡೆಯ ಸಿರುಗುಪ್ಪದಿಂದ ಬೀಗರು ಬಂದರು. ಎಲ್ಲರೂ ಮಳೆ ಬೆಳೆ ಕೇಳಿದರೆ, ಇವರು ವರನ ಅಪ್ಪನಿಗೆ, "ಹೊಳಿ ಈ ವರ್ಷ ಕೆಂಪಗ ಬಂತೋ, ಕರ್ರಗ ಬಂತೋ?" ಎನ್ನಬೇಕೆ!

"ಕೆಂಪಗ ಬಂದಿತ್ರಿ," ಎಂದ ಆತ, ಗಾಬರಿಯಿಂದ.

"ಹಂಗಾರ ನಮ್ಮ ಗುಡ್ಡ ಆಗಲೇ ನಿಮ್ಮೂರಿಗೆ ಬಂದೈತಿ. ಹಿಂದ ನಮ್ಮ ಹುಡುಗಿ ಬರ್ತಾಳ ಬಿಡ್ರಿ!"

ಬೀಗರು ಬಿದ್ದು ಬಿದ್ದು ನಕ್ಕರು. ಸಂಬಂಧ ಕುದುರಿತು.

ಆ ಬೇಸಿಗೆಯ ಮೊದಲ ಮಳೆಗೇ ಶುರುವಾಯಿತು ಇವರ ಗೋಳು. ನಮ್ಮ ಕಡೆ ಮನೆಗೆ ಹೆಂಚಿಲ್ಲ, ತೊಲೆಯ ಮೇಲೆ ಮಣ್ಣು ಹಾಸಿದ ಮಾಳಿಗೆ. ಕೆಳಗೆ ಕೆಂಪು ಮಣ್ಣು, ಮೇಲೆ ನೀರು ಇಳಿಯದಂತೆ ಬಿಳಿ ಸವಳು ಮಣ್ಣು. ಮಳೆಗೆ ಕರಗಿದ್ದು ಕೊಳವೆಯಿಂದ ಸುರಿದು ಗೋಡೆಯ ಬುಡದಲ್ಲಿ ಹರಡಿಕೊಳ್ಳುತ್ತದೆ. ಸಣ್ಣಮಾವ ಕುಡುಗೋಲಿನಿಂದ ಅದನ್ನು ರೊಟ್ಟಿ ಕೊಯ್ದಂತೆ ಕೊಯ್ದು, ನೆಕ್ಕಿ, ಅಣ್ಣನನ್ನು ಕೂಗಿದರು.

"ಅಣ್ಣಾ, ಕೆಳಗಿನ ಪದರು ಬಿಳೇದು, ಮ್ಯಾಲಿಂದು ಕೆಂಪು. ಮೂಲಿಕೋಣಿ ಮ್ಯಾಲಿನ ಸವಳು ಮುಗದೈತಿ. ಮಣ್ಣು ಹಾಕಸು, ಇಲ್ಲಾಂದ್ರ ಬೀಳತೈತಿ."

"ಮದುವಿ ಆಗಲಿ ತಡಿಯಲೇ," ಎಂದರು ಮಾವ.

ಮದುವೆ ಆಯಿತು. "ಬಿತ್ತಿಗಿ ಆಗಲಿ," ಎಂದರು. ಬಿತ್ತಿಗೆಯೂ ಆಯಿತು. ಮಾಳಿಗೆ ಹಾಗೇ ಉಳಿಯಿತು.

ನಾನಾಗ ತುಂಬಿದ ಬಸುರಿ. ತೆಕ್ಕಲಕೋಟೆಯ ನನ್ನ ತವರಿನಲ್ಲಿ ಅವ್ವ ಇರಲಿಲ್ಲ, ಹೆರಿಗೆ ಇಲ್ಲೇ ಆಗಬೇಕಿತ್ತು. ಒಣಶುಂಠಿ ತರಲು ಬಳ್ಳಾರಿಗೆ ಕಳಿಸಿದರೆ ಸಣ್ಣಮಾವ ಬಳ್ಳಾರಿ ಗುಡ್ಡದ ಬುಡದ ಮಣ್ಣನ್ನು ಚೀಲ ತುಂಬ ತಂದರು. ಶುಂಠಿಯ ನೆನಪೇ ಇಲ್ಲ!

"ಬಾಣಂತಿಗೆ ಇದನ್ನ ಕಲಸಿ ಕುಡಸ್ಲೇನೋ?" ಎಂದು ಅತ್ತೆ ಕಿರುಚಿದಳು.

"ಬ್ಯಾಡ ಅತ್ತಿಗಿ. ನೆಕ್ಕಿ ನೋಡೀನಿ, ಖಾರ ಇಲ್ಲ."

ಕೂಸು ಹುಟ್ಟಿತು. ನಮ್ಮಿಬ್ಬರನ್ನು ಮಲಗಿಸಿದ್ದು ಅದೇ ಮೂಲೆಕೋಣೆಯಲ್ಲಿ, ಗಾಳಿ ಬಡಿಯುವುದಿಲ್ಲವೆಂದು. ಒಂದು ದಿನ, ಕೊಟ್ಟಿಗೆಯಲ್ಲಿ ಮಲಗುತ್ತಿದ್ದ ಸಣ್ಣಮಾವ ಹಾಸಿಗೆ ಸುತ್ತಿಕೊಂಡು ಬಾಗಿಲಲ್ಲಿ ನಿಂತರು.

"ಯವ್ವಾ, ನೀ ನಡುಮನಿಗೆ ಹೋಗು. ನನಗ ದನದ ವಾಸನಿಗೆ ನಿದ್ದಿ ಬರವಲ್ದು, ನಾ ಇಲ್ಲಿ ಮಕ್ಕೋತೀನಿ."

"ಹಡಗಿನಾಗ ಮೀನಿನ ನಾತಕ್ಕ ಬಂದ ನಿದ್ದಿ, ದನದ ವಾಸನಿಗೆ ಬರವಲ್ದಂತ! ಬಾಣಂತಿ ಕೋಣಿ ಕಸಗೊಳ್ಳಾಕ ನಾಚಿಗಿ ಬ್ಯಾಡ?" ಅತ್ತೆ ಬೈದಳು, ನಾನೂ ಗೊಣಗಿದೆ. ಅವರು ಹಾಸಿಗೆ ಬಿಡಿಸಿ, ಗೋಡೆಗೆ ಮುಖ ಮಾಡಿ ಮಲಗಿಯೇಬಿಟ್ಟರು.

ಮಾಳಿಗೆಯ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ನಗುತ್ತ ನಾವು ಅಲ್ಲೇ ಇರುತ್ತಿದ್ದೆವು. ಖಾಲಿ ಬಿಟ್ಟರೆ ಅತ್ತೆ ಮತ್ತೆ ನಮ್ಮನ್ನು ಅಲ್ಲಿಗೇ ತಳ್ಳುತ್ತಿದ್ದಳು. ಮುದುಕನಿಗೆ ಎರಡೂ ಗೊತ್ತಿತ್ತು.

ಜಿಟಿಜಿಟಿ ಮಳೆ ಹಿಡಿದ ಒಂದು ಮಧ್ಯಾಹ್ನ ಅವರು ಉಂಡು ಅಡ್ಡಾದಾಗ ಮಾಳಿಗೆ ಕೂತಿತು. ಮಣ್ಣು ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು. ದೊಡ್ಡ ತೊಲೆ ಕೂಸಿನ ಜೋಳಿಗೆ ತೂಗುತ್ತಿದ್ದ ಜಾಗದಲ್ಲೇ ಬಿದ್ದಿತ್ತು. ಹುಚ್ಚ ಎಂದು ಕರೆದ ನಾವೆಲ್ಲ ಸುತ್ತ ನಿಂತು ನೋಡಿದೆವು. ಈಗ ಯಾರಿಗೆ ಹೇಳುವುದು, ಮಣ್ಣಿನಲ್ಲಿ ನೀವು ಓದಿದ್ದು ಸರಿ ಇತ್ತು ಎಂದು?

ಮರುದಿನ ಬೆಳಗ್ಗೆ ಕೂಸನ್ನು ಅತ್ತೆಯ ತೊಡೆಗೆ ಹಾಕಿ, ಸೆರಗು ಬಿಗಿದು ಮಾವನ ಮುಂದೆ ನಿಂತೆ. ಅಲ್ಲಿಯವರೆಗೆ ಅವರ ಎದುರು ಬಾಯಿ ತೆರೆದವಳಲ್ಲ.

"ಬಂಡಿ ಹೂಡ್ರಿ. ನಡುಮನಿಗೆ ಇವತ್ತ ಸವಳು ಹಾಕಬೇಕು."

ಅವರು ಗೂಟದಿಂದ ಎತ್ತು ಬಿಚ್ಚಿ ಬಂಡಿ ಹೂಡಿದರು. ಮಣ್ಣು ಬಂದ ಮೇಲೆ ಅವರು ಕೆಳಗಿನಿಂದ ಬುಟ್ಟಿ ಕೊಟ್ಟರು, ನಾನು ಮಾಳಿಗೆಯ ಮೇಲೆ ನಿಂತು ಸುರಿದು ತುಳಿದೆ.