ಆಚೆ ಲಾನು, ಈಚೆ ಬೂದಿ

ಹೊಟ್ಟೆಕಿಚ್ಚು ಪಡಬಾರದು ಎಂದು ಮಕ್ಕಳಿಗೆ ನೀತಿಪಾಠ ಹೇಳುವವರ ಪಕ್ಕದಲ್ಲೇ ದೇವರು ಹೊಟ್ಟೆ ಉರಿಸುವಂಥದ್ದನ್ನು ತಂದಿಡುತ್ತಾನೆ. ಮುಂಬಯಿಯ ಭಾಂಡುಪಿನ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದಷ್ಟು ಕಾಲವೂ ಈ ಉರಿ ಆರಲಿಲ್ಲ. ನನ್ನ ಪಾಲಿಗೆ ಬಂದದ್ದು ಒಂದು ಗೋಡೆ, ಗೋಡೆಯಾಚೆ ಒಂದು ಇಂಗ್ಲಿಷ್ ಶಾಲೆ, ಆ ಶಾಲೆಯ ಮೈದಾನದ ತುಂಬ ಹಸಿರು ಲಾನು.

೧. ಬೀಳದ ಚೆಂಡು

ನಮ್ಮ ಮೈದಾನಕ್ಕೆ ಹಾಸಿದ್ದು ಪಕ್ಕದ ಕಾರ್ಖಾನೆಯವರು ಪುಕ್ಕಟೆ ಕೊಟ್ಟ ಕಲ್ಲಿದ್ದಲಿನ ಬೂದಿ. ಬೆಳಿಗ್ಗೆ ಬಿಳಿ ಅಂಗಿಯಲ್ಲಿ ಬಂದ ಮಕ್ಕಳು ಸಂಜೆ ಇಂಜಿನ್ ಡ್ರೈವರುಗಳಾಗಿ ಮನೆಗೆ ಹೋಗುತ್ತಿದ್ದರು. ಬಿದ್ದರೆ ಮೊಣಕಾಲಿನ ಚರ್ಮವೇ ಕಿತ್ತು ಬರುತ್ತಿತ್ತು. ಬೇರೆ ಡ್ರಿಲ್ ಮಾಸ್ತರರ ಕೈಯಲ್ಲಿ ಸೀಟಿ ಇದ್ದರೆ ನನ್ನ ಕೈಯಲ್ಲಿ ಟಿಂಚರ್ ಬಾಟಲಿ. ಕಬಡ್ಡಿಯಲ್ಲಿ ಎದುರಾಳಿ ಕೈ ಚಾಚಿದರೆ ಸಾಕು, ನಮ್ಮ ಮಕ್ಕಳು ತಾವಾಗಿಯೇ "ನಾನು ಔಟ್, ಎಳೀಬೇಡ" ಎಂದು ಗೆರೆಯಾಚೆ ಹೋಗಿ ಕೂರುತ್ತಿದ್ದರು. ಅದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಆದ್ದರಿಂದ ದಿನಾ ಬೆಳಿಗ್ಗೆ ಸ್ಟೂಲು ಹತ್ತಿ ಗೋಡೆಯಾಚೆ ನೋಡಿ ಹೊಟ್ಟೆ ಉರಿಸಿಕೊಳ್ಳುವುದು ನನ್ನ ವ್ಯಾಯಾಮವಾಯಿತು. ಅಲ್ಲಿನ ಮಕ್ಕಳು ಬೀಳುತ್ತಿದ್ದರು, ಉರುಳುತ್ತಿದ್ದರು, ನಗುತ್ತ ಏಳುತ್ತಿದ್ದರು. ಅಲ್ಲಿನ ಡ್ರಿಲ್ ಮಾಸ್ತರು ನನ್ನ ತಲೆ ಕಂಡೊಡನೆ "ಕ್ಯಾ ಮಾಸ್ಟರ್, ಕುಛ್ ಚಾಹಿಯೇ?" ಎಂದು, ಏನಾದರೂ ಬೇಕೇ ಎಂದು, ಹಿಂದಿಯಲ್ಲಿ ಕೇಳುತ್ತಿದ್ದರು. "ನಮ್ಮ ಚೆಂಡು ಬಿದ್ದಿದೆ" ಎಂದು ನಾನೂ ದಿನಾ ಹೇಳುತ್ತಿದ್ದೆ.

ಒಂದು ದಿನ ಅವರು ಗೋಡೆಯ ಹತ್ತಿರ ಬಂದು ಹೊಸ ಚೆಂಡೊಂದನ್ನು ನನ್ನ ಕೈಗಿಟ್ಟರು. "ಎಷ್ಟು ಹುಡುಕಿದರೂ ನಿಮ್ಮದು ಸಿಗಲಿಲ್ಲ ಮಾಸ್ಟರ್, ಇದನ್ನು ಇಟ್ಟುಕೊಳ್ಳಿ."

ಲಾನಿಗಿಂತ ಆ ಚೆಂಡೇ ನನ್ನ ಹೊಟ್ಟೆಯನ್ನು ಹೆಚ್ಚು ಉರಿಸಿತು.

೨. ಗಟ್ಟಿ ಮಾಲು

ಎಪ್ಪತ್ತರ ದಶಕದಲ್ಲಿ ಒಂದು ವರ್ಷ ಒಲಿಂಪಿಕ್ಸ್ ಹಾಕಿಯನ್ನು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಆಡಿಸಿದರು, ನಮ್ಮ ದೇಶ ಸೋತು ಬಂತು. ಊರೆಲ್ಲ ಆ ಹುಲ್ಲನ್ನು ಶಪಿಸುತ್ತಿದ್ದಾಗ ನಮ್ಮ ಶಾಲೆಯ ಅಧ್ಯಕ್ಷರಿಗೆ ಮಾತ್ರ ಬೇರೆ ವಿಚಾರ ಹೊಳೆಯಿತು. ಅವರು ದಕ್ಷಿಣ ಕನ್ನಡದವರು, ಸ್ಟೇಷನ್ ಹತ್ತಿರ ಹೋಟೆಲು ಇಟ್ಟವರು. ಅವರ ಭಾವ ಹಡಗಿನಲ್ಲಿ ಕೆಲಸಕ್ಕಿದ್ದರು. ಮುಂದಿನ ಸಲ ಭಾವ ಬಂದಾಗ ಕಾಲೊರಸಿನಷ್ಟು ಅಗಲದ ಪ್ಲಾಸ್ಟಿಕ್ ಹುಲ್ಲಿನ ತುಂಡು ಬಂತು.

"ನೀರು ಬೇಡ, ಮಾಲಿ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯ್ತು ಮಾರಾಯ್ರೆ" ಎಂದರು ಅಧ್ಯಕ್ಷರು. "ಅವರ ಲಾನು ಬೇಸಿಗೆಯಲ್ಲಿ ಒಣಗ್ತದೆ. ನಮ್ಮದು ಒಣಗುದೇ ಇಲ್ಲ!"

ಆ ಒಂದು ಮಾತಿಗೆ ನಾನು ಅವರ ಪಕ್ಷ ಸೇರಿದೆ.

ಕಮಿಟಿಯಲ್ಲಿ ವಿಜಾಪುರ ಕಡೆಯ ಗುತ್ತಿಗೆದಾರರೊಬ್ಬರಿದ್ದರು, ಕಟ್ಟಡ ಕಟ್ಟಿ ಪಳಗಿದವರು. ಅವರಿಗೆ ನಂಬಿಕೆ ಬರಲಿಲ್ಲ. "ನೋಡಾಕ ಛಲೋ ಐತ್ರಿ. ಆದರ ಹುಡುಗರು ತುಳದರ ಎಷ್ಟು ದಿನಾ ಬಾಳಿಕಿ ಬರ್ತೈತಿ? ಮೊದಲ ಬಾಗಲದಾಗ ಹಾಸಿ ಪರೀಕ್ಷಾ ಮಾಡೂಣು."

ಹೆಡ್‌ಮಾಸ್ತರರ ಕೋಣೆಯ ಬಾಗಿಲಲ್ಲಿ ತುಂಡು ಹಾಸಿದೆವು. ಆದರೆ ಫಾರಿನ್ ವಸ್ತುವನ್ನು ತುಳಿಯುವ ಧೈರ್ಯ ಯಾರಿಗೆ? ಮಕ್ಕಳು ದೂರದಲ್ಲೇ ಚಪ್ಪಲಿ ಬಿಟ್ಟು ಅದರ ಮೇಲಿಂದ ಹಾರಿ ಹೋಗುತ್ತಿದ್ದರು. ತಪ್ಪಿ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ದಪ್ಪ ಮೈಯ ಹೆಡ್‌ಮಾಸ್ತರರು ಕೂಡ ಬಾಗಿಲ ಚೌಕಟ್ಟು ಹಿಡಿದು ದಾಟುತ್ತಿದ್ದರು. ಇದು ಗುತ್ತಿಗೆದಾರರಿಗೆ ಗೊತ್ತಿರಲಿಲ್ಲ.

ತಿಂಗಳು ಕಳೆದ ಮೇಲೆ ಅವರು ಬಂದು, ತುಂಡನ್ನು ಎತ್ತಿ, ಎಳೆ ಎಳೆ ಎಳೆದು ನೋಡಿ ಬೆರಗಾದರು. "ಇಷ್ಟು ಮಂದಿ ತುಳದರೂ ಒಂದ ಎಳಿ ಸವದಿಲ್ಲಲ್ರೀ! ಭಾಳ ಗಟ್ಟಿ ಮಾಲು!"

೩. ಹುಲ್ಲಿನ ಸಭೆ

ಹೆತ್ತವರ ಒಪ್ಪಿಗೆ ಬೇಕಲ್ಲ, ಸಭೆ ಕರೆದೆವು. ಮಕ್ಕಳ ಮೊಣಕಾಲಿನ ಬಗ್ಗೆ ನಾನು ಭಾವುಕನಾಗಿ ಮಾತಾಡಿದೆ. ಚಪ್ಪಾಳೆ ಬೀಳುವ ಮೊದಲೇ ಬಾಗಲಕೋಟೆಯ ತಾಯಿಯೊಬ್ಬಳು ಎದ್ದು ನಿಂತಳು.

"ಅದೆಲ್ಲಾ ಖರೆ ಮಾಸ್ತರ. ಬ್ಯಾಸಗಿ ಸೂಟಿಯಾಗ ನಾವು ಸಂಡಿಗಿ ಎಲ್ಲೆ ಒಣಗಸೂಣು?"

ಚಾಳಿನ ಮನೆಗಳಿಗೆ ಅಂಗಳವೂ ಇಲ್ಲ, ತಾರಸಿಯೂ ಇಲ್ಲ. ಮೇ ತಿಂಗಳಲ್ಲಿ ನಮ್ಮ ಮೈದಾನದ ತುಂಬ ಹಳೆ ಸೀರೆ, ಸೀರೆಯ ತುಂಬ ಸಂಡಿಗೆ. ಉಡುಪಿ ಕಡೆಯ ತಾಯಿಯೊಬ್ಬರು ಕೂಡಲೇ ಹೇಳಿದರು: "ಪ್ಲಾಸ್ಟಿಕ್ ಹುಲ್ಲೇ ಒಳ್ಳೇದು. ಬೂದಿ ಹಾರುದಿಲ್ಲ. ನಮ್ಮ ಹಲಸಿನ ಹಪ್ಪಳ ಚೊಕ್ಕ ಒಣಗ್ತದೆ."

"ಒಣಗದ ಏನ್ ಮಾಡ್ತಾವ? ವರ್ಷಾ ವರ್ಷಾ ಛಲೋ ಬಿಸಲು ಬೀಳೂ ಜಾಗಾ ನೀವ ಹಿಡೀತೀರಿ!" ಎಂದಳು ಬಾಗಲಕೋಟೆಯವಳು.

ಅಷ್ಟೇ ಸಾಕಾಯಿತು. ಹುಲ್ಲನ್ನು ಎಲ್ಲರೂ ಮರೆತರು. ಯಾರ ಹಪ್ಪಳಕ್ಕೆ ಎಷ್ಟು ಬಿಸಿಲು ಎಂಬ ವರ್ಷಗಳ ಹೊಟ್ಟೆಕಿಚ್ಚು ಹೊರಬಂತು. ನಾನು ಒಳಗೊಳಗೇ ಸಮಾಧಾನಪಟ್ಟೆ, ಉರಿಯುವ ಹೊಟ್ಟೆ ನನ್ನದೊಂದೇ ಅಲ್ಲವಲ್ಲ ಎಂದು. ಕೂಸು ಹುಟ್ಟುವ ಮೊದಲೇ ಕುಲಾವಿಗೆ ಇಷ್ಟು ಜಗಳ! ಕಡೆಗೆ ಅಧ್ಯಕ್ಷರು ಮೇಜು ಕುಟ್ಟಿ ತೀರ್ಪು ಕೊಟ್ಟರು: "ಇಡೀ ಮೈದಾನಕ್ಕೆ ಪ್ಲಾಸ್ಟಿಕ್ ಹುಲ್ಲು. ಅರ್ಧ ಸಂಡಿಗೆಗೆ, ಅರ್ಧ ಹಪ್ಪಳಕ್ಕೆ."

ಗೋಡೆಯಾಚೆಗೂ ಕೇಳುವಂಥ ಚಪ್ಪಾಳೆ.

"ಮಕ್ಕಳಿಗೆ?" ಎಂದೆ ನಾನು.

"ಅವರಿಗೆ ಆಗ ರಜೆ ಅಲ್ವಾ ಮಾರಾಯ್ರೆ!"

೪. ಫಾರಿನ್ ಮಾಲು

ಚಪ್ಪಾಳೆ ಕೇಳಿದ ಆಚೆಯ ಡ್ರಿಲ್ ಮಾಸ್ತರು ಮರುದಿನವೇ ಬಂದು ಬಾಗಿಲಿನ ತುಂಡನ್ನು ಸವರಿ ನೋಡಿದರು.

"ಇಡೀ ಮೈದಾನಕ್ಕಾ?"

"ಇಡೀ ಮೈದಾನಕ್ಕೆ" ಎಂದೆ.

ಅವರ ಮುಖ ಸಪ್ಪಗಾಯಿತು. ಅಂದು ನಾನು ಊಟದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ಆದರೆ ಹುಲ್ಲು ಬರಲಿಲ್ಲ. ಫಾರಿನ್ನಿನಿಂದ ಅಷ್ಟು ಮಾಲು ತರಿಸಲು ಸರ್ಕಾರದ ಲೈಸೆನ್ಸು ಬೇಕಂತೆ, ಅದು ನಮ್ಮಂಥವರಿಗೆ ಸಿಗುವುದಿಲ್ಲವಂತೆ. ಭಾವನೇ ಬಂದಾಗಲೆಲ್ಲ ಒಂದೊಂದು ತುಂಡು ತರಲಿ ಎಂದರು ಅಧ್ಯಕ್ಷರು. "ಹಂಗಾದ್ರ ಮೈದಾನ ತುಂಬೂದರಾಗ ನಿಮ್ಮ ಭಾವನ ಮೊಮ್ಮಗ ಹಡಗ ಹತ್ತಬೇಕಾಗ್ತೈತ್ರಿ" ಎಂದರು ಗುತ್ತಿಗೆದಾರರು. ವಿಷಯ ಅಲ್ಲಿಗೇ ಬಿತ್ತು. ನಾನು ಟಿಂಚರ್ ಬಾಟಲಿ ತುಂಬಿಸಿಕೊಂಡು ಬಂದೆ.

ಆಚೆಯವರಿಗೆ ಇದು ಗೊತ್ತಾಗಲಿಲ್ಲ. ನಮಗಿಂತ ಮೊದಲು ತಾವೇ ಪ್ಲಾಸ್ಟಿಕ್ ಹಾಸಬೇಕೆಂಬ ಹಟದಲ್ಲಿ ಅವರು ಮೇ ತಿಂಗಳಲ್ಲಿ ಲಾನನ್ನೆಲ್ಲ ಅಗೆಸಿದರು. ಅಗೆದ ಮಣ್ಣನ್ನು ಬೇರುಸಮೇತ ಎಸೆಯಲು ಜಾಗ ಬೇಕಲ್ಲ? ನಮ್ಮ ಮೈದಾನ ಅವರ ಕಣ್ಣಿಗೆ ತಿಪ್ಪೆಯಂತೆ ಕಂಡಿರಬೇಕು. ಬುಟ್ಟಿ ಬುಟ್ಟಿ ಈಚೆ ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಜಗಳಕ್ಕೆ ಹೊರಟವನನ್ನು ಸಂಡಿಗೆಯ ಹೆಂಗಸರೇ ತಡೆದರು. "ಬೀಳ್ಲಿ ಬಿಡ್ರಿ ಮಾಸ್ತರ, ಮಣ್ಣು ಹರವಿದರ ಬೂದಿ ಏಳೂದಿಲ್ಲ." ಹಪ್ಪಳದವರೂ ಸಂಡಿಗೆಯವರೂ ಸೇರಿ ಮೈದಾನದ ತುಂಬ ಮಣ್ಣು ಹರವಿ, ತುಳಿದು, ಮೇಲೆ ಸೀರೆ ಹಾಸಿದರು.

ಆಚೆಯವರಿಗೂ ಲೈಸೆನ್ಸು ಸಿಗಲಿಲ್ಲ. ಜೂನಿನಲ್ಲಿ ಮಳೆ ಹಿಡಿಯಿತು. ಅವರ ಮೈದಾನ ಕೆಸರುಗದ್ದೆಯಾಯಿತು. ನಮ್ಮದರಲ್ಲಿ ಬೇರುಗಳು ಚಿಗುರಿ ಜುಲೈ ಹೊತ್ತಿಗೆ ಎಲ್ಲೆಲ್ಲೂ ಹಸಿರು. ಕಬಡ್ಡಿ ಆಡಿಸಿದೆ. ಒಬ್ಬ ಹುಡುಗಿ ದಢಾರನೆ ಬಿದ್ದಳು. ನಾನು ಅಭ್ಯಾಸಬಲದಿಂದ ಬಾಟಲಿ ಹಿಡಿದು ಓಡಿದೆ. ಅವಳು ಮೊಣಕಾಲು ನೋಡಿಕೊಂಡು ನಕ್ಕು, "ನಾನು ಔಟ್ ಅಲ್ಲ ಸರ್!" ಎಂದು ಜಗಳಕ್ಕೇ ನಿಂತಳು. ನನ್ನ ಕಣ್ಣು ತುಂಬಿ ಬಂತು.

ಕಣ್ಣೊರೆಸಿಕೊಂಡು ನೋಡಿದರೆ ಗೋಡೆಯ ಮೇಲೊಂದು ತಲೆ. ಆಚೆಯ ಡ್ರಿಲ್ ಮಾಸ್ತರು ಸ್ಟೂಲು ಹತ್ತಿದ್ದರು.

"ಕ್ಯಾ ಮಾಸ್ಟರ್, ಕುಛ್ ಚಾಹಿಯೇ?" ಎಂದೆ. ಎಷ್ಟು ವರ್ಷಗಳಿಂದ ಕಾದಿದ್ದ ಮಾತು!

"ನಮ್ಮ ಚೆಂಡು ಬಿದ್ದಿದೆ" ಎಂದರು.

ಅಂದು ಅವರೇ ಕೊಟ್ಟಿದ್ದ ಚೆಂಡನ್ನು ತಂದು ಕೈಗಿಟ್ಟೆ. ಆದರೂ ತಲೆ ಇಳಿಯಲಿಲ್ಲ.

"ಅಂತೂ ತರಿಸಿಯೇಬಿಟ್ಟಿರಿ. ಇದು ಅದೇ ಪ್ಲಾಸ್ಟಿಕ್ಕಾ?"

"ಅದೇ."

ಅವರು ಬಹಳ ಹೊತ್ತು ನೋಡಿದರು. "ಆದರೆ ಮಾಸ್ಟರ್, ಹೋದ ವಾರ ಇಷ್ಟು ಎತ್ತರ ಇರಲಿಲ್ಲವಲ್ಲ?"

"ಫಾರಿನ್ ಮಾಲು ಸಾಹೇಬರೆ" ಎಂದೆ. "ಮಕ್ಕಳ ಜೊತೆ ತಾನೂ ಬೆಳೆಯುತ್ತದೆ."