ನನ್ನ ನೂರಿಪ್ಪತ್ತು ಗಂಟೆಯ ಸರ್ಟಿಫಿಕೇಟು

ನಾನು ನೆಟ್ಟಗೆ ಒಂದು ಕೆಲಸ ಮಾಡೋಕೆ ಹೊರಟರೆ ಎಡವಟ್ಟು ನನಗಿಂತ ಮುಂಚೆ ಅಲ್ಲಿ ಹೋಗಿ ಕೂತಿರುತ್ತೆ. ಬೇರೆಯವರಿಗೂ ಹೀಗೇ ಆಗುತ್ತೋ, ಇಲ್ಲ ನಮ್ಮ ಬ್ಯಾಟರಾಯನಪುರದ ನೀರಲ್ಲೇ ಏನಾದ್ರೂ ಇದೆಯೋ ಗೊತ್ತಿಲ್ಲ.

ಹನ್ನೊಂದು ವರ್ಷ ನಮ್ಮ ಬೀದಿ ತುದಿಯ ಸಣ್ಣ ಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಟ್ಟೆ. ಹೋದ ವರ್ಷ ಅದು ಮುಚ್ಚಿಹೋಯ್ತು. ಮನೇಲಿ ಕೂತು ಕೂತು ತಲೆ ಕೆಟ್ಟುಹೋಗಿತ್ತು. ಮತ್ತೆ ಬೋರ್ಡ್ ಮುಂದೆ ನಿಂತು ಪಾಠ ಮಾಡಬೇಕು, ಅಷ್ಟೇ ನನ್ನಾಸೆ. ಆದ್ರೆ ನನ್ನ ಹತ್ರ ಬಿ.ಎಡ್. ಇಲ್ಲ. ಆಗ ಮೊಬೈಲಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಇಂಗ್ಲಿಷ್ ಟೀಚಿಂಗ್ ಸರ್ಟಿಫಿಕೇಟು, ನೂರಿಪ್ಪತ್ತು ಗಂಟೆಯ ಕೋರ್ಸು, ಆಫರ್ ಇವತ್ತೇ ಕೊನೆ. ಬೆಲೆ ಅಂದ್ರೆ ಗಂಡ ಹೆಂಡತಿ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ಕಾಫಿ ಕುಡಿದಷ್ಟು. ದೋಸೆ ಬಿಟ್ಟೆ, ಕೋರ್ಸ್ ಹಿಡಿದೆ.

ಅಮ್ಮನ ಪಾಲು

ಸೋಮವಾರ ಊಟ ಆದ್ಮೇಲೆ ಶುರು ಮಾಡಿದೆ. ವಿಡಿಯೋನ ಬೆರಳಲ್ಲಿ ಎಳೆದರೆ ಸೀದಾ ಕೊನೆಗೇ ಹೋಗುತ್ತೆ! ಆಮೇಲೆ ನಾಲ್ಕು ಪ್ರಶ್ನೆ. ತಪ್ಪು ಒತ್ತಿದ್ರೆ ಬೈಯೋದೂ ಇಲ್ಲ, ಇನ್ನೊಂದ್ಸಲ ಪ್ರಯತ್ನಿಸಿ ಅಂತ ಮರ್ಯಾದೆಯಿಂದ ಕೇಳಿಕೊಳ್ಳುತ್ತೆ.

ಐದನೇ ಪಾಠದ ಹೊತ್ತಿಗೆ ಗ್ಯಾಸ್ ಸಿಲಿಂಡರ್ ಬಂತು. ಫೋನ್ ಸೋಫಾ ಮೇಲಿಟ್ಟು ಗೇಟಿಗೆ ಹೋಗಿ ಬಂದೆ. ನೋಡಿದ್ರೆ ನಮ್ಮತ್ತೆ ಫೋನ್ ಹಿಡ್ಕೊಂಡು ಕೂತಿದ್ದಾರೆ. "ಏನೋ ಒಂದೇ ಸಮ ಕೇಳ್ತಾ ಇತ್ತು ಕಣಮ್ಮಾ. ಪಾಪ ಅಂತ ಅಲ್ಲಲ್ಲಿ ಒತ್ತಿದೆ," ಅಂದ್ರು. ಐದನೇ ಪಾಠ ಪಾಸ್! ಅದೂ ನನಗಿಂತ ಜಾಸ್ತಿ ಮಾರ್ಕ್ಸು. ನಮ್ಮತ್ತೆಗೆ ಎಬಿಸಿಡಿ ಬರಲ್ಲ.

ಮಾರನೇ ದಿನ ಸಂಜೆ ಕಾಫಿ ಹೊತ್ತಿಗೆ ನೂರಿಪ್ಪತ್ತು ಗಂಟೆ ಮುಗಿದು, ನನ್ನ ಫೋಟೋ ಸಮೇತ ಸರ್ಟಿಫಿಕೇಟು ಬಂತು. ಡಿಸ್ಟಿಂಕ್ಷನ್! ನಮ್ಮೆಜಮಾನ್ರು ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, "ಇದ್ರಲ್ಲಿ ಅಮ್ಮನ ಫೋಟೋನೂ ಹಾಕ್ಬೇಕಿತ್ತು ಕಣೇ," ಅಂದ್ರು.

ಚೆಂಡುಹೂವಿನ ಹಾರ

ಪ್ರಿಂಟ್ ತೆಗೆಸಿ, ಫ್ರೇಮ್ ಹಾಕಿಸಿ ಹಾಲ್ ಗೋಡೆಗೆ ನೇತುಹಾಕಿದ್ದಾಯ್ತು. ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮತ್ತೆ ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಇಟ್ಟು, "ನಿನ್ನ ಆಯುಧ ಇದೇ ತಾನೇ" ಅಂತ ಫ್ರೇಮಿಗೂ ಕುಂಕುಮ ಹಚ್ಚಿ ದಪ್ಪ ಚೆಂಡುಹೂವಿನ ಹಾರ ಹಾಕಿದ್ರು. ಹಾರದ ಮಧ್ಯೆ ಕಾಣ್ತಾ ಇದ್ದಿದ್ದು ನನ್ನ ಮುಖ ಒಂದೇ. ಅದೂ ಮದುವೆಯಾದ ಹೊಸತರಲ್ಲಿ ತೆಗೆಸಿದ್ದು.

ಸಂಜೆ ಹಿಂದಿನ ಬೀದಿಯಿಂದ ಒಬ್ಬರು ಬಂದ್ರು, ಮಗಳಿಗೆ ಟ್ಯೂಷನ್ ಕೇಳೋಕೆ. ನನ್ನ ಮುಖ ನೋಡಿದವರಲ್ಲ. ಒಳಗೆ ಬಂದವರೇ ಗೋಡೆ ನೋಡಿ ಚಪ್ಪಲಿ ಬಿಟ್ಟಲ್ಲೇ ನಿಂತುಬಿಟ್ರು. ಕೈ ಮುಗಿದ್ರು. ನಾನು ಕೊಟ್ಟ ಪುರಿ ಕಡ್ಲೆನೂ ಮುಟ್ಟಲಿಲ್ಲ.

"ಇಂಗ್ಲಿಷ್ ಮೇಡಂ ಇವರೇ ಅಲ್ವಾ? ಛೆ, ಎಷ್ಟು ಚಿಕ್ಕ ವಯಸ್ಸು!" ಅಂತ ಕಣ್ಣೊರೆಸಿಕೊಂಡ್ರು.

ನಾನು ಗಾಬರಿಯಾಗಿ, "ಅಯ್ಯೋ, ಅದು ನಾನೇ ಕಣ್ರೀ!" ಅಂದೆ.

ಅವರು ಫೋಟೋ ನೋಡಿದ್ರು, ನನ್ನನ್ನ ನೋಡಿದ್ರು, ಮತ್ತೆ ಫೋಟೋ ನೋಡಿದ್ರು. "ದುಃಖದಲ್ಲಿ ಹಂಗೇ ಅನ್ಸುತ್ತೆ, ಸಮಾಧಾನ ಮಾಡ್ಕೊಳ್ಳಿ," ಅಂದ್ರು. "ನೀವು ಅವರ ಅಕ್ಕನಾ?"

ನಿಧಾನಸ್ಥೆ

ಹೆಬ್ಬಾಳದ ಕಡೆಯ ಒಂದು ಸ್ಕೂಲಲ್ಲಿ ಇಂಟರ್‌ವ್ಯೂಗೆ ಕರೆದ್ರು. ಫ್ರೇಮ್ ಬಿಚ್ಚಿ ಸರ್ಟಿಫಿಕೇಟು ಫೈಲಲ್ಲಿಟ್ಟುಕೊಂಡು ಹೋದೆ. ಪ್ರಿನ್ಸಿಪಾಲ್ ಮೇಡಂ ಅದನ್ನ ನೋಡಿ, ಎದ್ದು ಹೋಗಿ ಬಾಗಿಲು ಹಾಕಿ ಬಂದ್ರು. ಸಿಕ್ಕಿಬಿದ್ದೆ ಅಂದ್ಕೊಂಡೆ.

"ನಿಜ ಹೇಳಿ, ಎಷ್ಟು ಹೊತ್ತಲ್ಲಿ ಮುಗಿಸಿದ್ರಿ?"

ಸುಳ್ಳು ಬಾಯಿಗೆ ಬರಲಿಲ್ಲ. "ಎರಡು ಮಧ್ಯಾಹ್ನ ಮೇಡಂ."

"ಅಷ್ಟೊತ್ತು ಬೇಕಾಯ್ತಾ? ನಂದು ನೂರೆಂಬತ್ತು ಗಂಟೆದು, ಹಬ್ಬದ ಆಫರಲ್ಲಿ ತಗೊಂಡಿದ್ದು. ಕೂದಲಿಗೆ ಮೆಹಂದಿ ಹಚ್ಚಿ ಕೂತವಳು, ಅದು ಒಣಗೋದ್ರೊಳಗೆ ಮುಗಿಸ್ದೆ!"

ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕೆವು. ಕೆಲಸ ಮಾತ್ರ ಸಿಗಲಿಲ್ಲ. ಬಿ.ಎಡ್. ಬೇಕೇ ಬೇಕಂತೆ. ಬಾಗಿಲ ತನಕ ಬಂದು, "ಪಾಠದಲ್ಲೂ ಇಷ್ಟೇ ನಿಧಾನ ಮಾಡ್ಬೇಡಿ," ಅಂತ ಬುದ್ಧಿ ಹೇಳಿ ಕಳಿಸಿದ್ರು.

ಕಾಗದಪತ್ರ

ಇನ್ನು ಉಳಿದದ್ದು ಸ್ವಂತ ಕ್ಲಾಸು. ಮನೇಲಿ ಮಾಡೋಣ ಅಂದ್ರೆ ಸಂಜೆ ಪೂರ್ತಿ ಅತ್ತೆಯ ಸೀರಿಯಲ್ ಹೊತ್ತು. ಕೆಂಪಾಪುರದಲ್ಲಿ ಒಬ್ಬ ಯಜಮಾನರ ಬಿಲ್ಡಿಂಗಿನ ಕೆಳಗೆ ಒಂದು ಹಾಲ್ ಖಾಲಿ ಇತ್ತು. ಹಳೇ ಊರಿನವರು, ಹೊಲ ಇದ್ದ ಜಾಗದಲ್ಲೇ ಮೂರು ಫ್ಲೋರ್ ಎಬ್ಬಿಸಿದ್ದಾರೆ. ಎಂಟು ಜನ ಹೆಂಗಸರು ಕ್ಲಾಸಿಗೆ ಸೇರ್ತೀವಿ ಅಂದಿದ್ರು. ಈ ಹಾಲ್ ಸಿಗದಿದ್ರೆ ನನ್ನ ಪಾಠದ ಕಥೆ ಅಲ್ಲಿಗೆ ಮುಗೀತು.

"ಕಾಗದ ನೋಡ್ದೆ ನಾನು ಯಾರ್‌ಗೂ ಬಾಗ್ಲು ತೆಗೆಯಾಕಿಲ್ಲ ಮೇಡಮ್ಮೋರೆ," ಅಂದ್ರು ಯಜಮಾನರು. ಸರ್ಟಿಫಿಕೇಟು ಕೊಟ್ಟೆ. ಬೆಳಕಿಗೆ ಹಿಡಿದ್ರು, ತಿರುಗಿಸಿ ನೋಡಿದ್ರು, ಮೂಲೆಯ ಸೀಲನ್ನ ಹೆಬ್ಬೆರಳಲ್ಲಿ ಉಜ್ಜಿದ್ರು.

"ಸಾಕ್ಷಿ ಸೈನೇ ಇಲ್ವಲ್ಲ?"

"ಇದಕ್ಕೆ ಸಾಕ್ಷಿ ಹಾಕಲ್ಲ ಸಾರ್."

"ಕೊಟ್ಟೋರು ಯಾವೂರೋರು?"

"ಗೊತ್ತಿಲ್ಲ ಸಾರ್. ಆನ್‌ಲೈನು."

"ಓಗಿ ಜಾಗ ನೋಡ್ಕಂಡು ಬರ್ಲಿಲ್ವಾ? ಅಂಗೇ ದುಡ್ಡು ಕಟ್ಬುಟ್ರಾ?" ಅಂತ ನನ್ನನ್ನ ಕನಿಕರದಿಂದ ನೋಡಿದ್ರು. ಕೊನೆಗೆ ಕುರ್ಚಿ ಮುಂದೆಳೆದುಕೊಂಡು, "ಒಂದೇ ಮಾತು ಏಳಿ. ಇದು ಎ ಖಾತಾನೋ, ಬಿ ಖಾತಾನೋ?"

ಬೆಂಗಳೂರಲ್ಲಿ ಸೈಟು ತಗೊಂಡವರಿಗೆಲ್ಲ ಗೊತ್ತು. ಬಿ ಖಾತಾ ಅಂದ್ರೆ ಕಾಗದಪತ್ರ ಪೂರ್ತಿ ಸರಿಯಿಲ್ಲದ ಜಾಗ, ಮನೆ ಕಟ್ಕೊಂಡು ಸುಖವಾಗಿ ಇರಬಹುದು, ಬ್ಯಾಂಕಿನವರು ಮಾತ್ರ ಮೂಸಿನೂ ನೋಡಲ್ಲ. ಹಾಲ್ ಕೈತಪ್ಪಿ ಹೋಗೋದಾದ್ರೆ ಹೋಗ್ಲಿ ಅಂತ ಗಟ್ಟಿ ಮನಸ್ಸು ಮಾಡಿದೆ.

"ಬಿ ಖಾತಾನೇ ಸಾರ್. ದೊಡ್ಡ ಸ್ಕೂಲಲ್ಲಿ ನಡೆಯಲ್ಲ. ಆದ್ರೆ ಹನ್ನೊಂದು ವರ್ಷ ಪಾಠ ಮಾಡಿದ್ದೀನಿ, ಅದ್ರಲ್ಲಿ ಮೋಸ ಇಲ್ಲ."

ಯಜಮಾನರು ರಸ್ತೆ ಕಡೆ ಒಂದ್ಸಲ ನೋಡಿ, ದನಿ ತಗ್ಗಿಸಿ, ಬೀಗದ ಕೈ ನನ್ನ ಕೈಗಿಟ್ರು.

"ನಾಳೆನೇ ಶುರು ಮಾಡ್ಕಳಿ. ಈ ಬಿಲ್ಡಿಂಗೂ ಅದೇಯಾ!"