ಕಸಬರಿಗೆ ಗಾಡಿಗೆ ಸಿಗದ ಬಸವೇಶ

ನಾಲಿಗೆ ಜಾರಿ ಆಡಿದ ಒಂದೇ ಒಂದು ಮಾತು ಬಸವೇಶನನ್ನು ಈ ಗತಿಗೆ ತಂದಿತ್ತು.

ಪರದೇಶದ ರೆಕ್ಸ್‌ಡೇಲಿನ ಒಂದೇ ಮನೆಯ ಮೇಲಂತಸ್ತಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಮಧುಸೂದನ್, ಬೇಸ್‌ಮೆಂಟಿನಲ್ಲಿ ಧಾರವಾಡದ ಕಡೆಯ ಬಸವೇಶ. ಒಂದು ಸಂಜೆ ಮಧುಸೂದನ್ ಹೊಸ ಬೂಟುಗಳನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಬಂದು, "ಜಾಲಿ ಮೂಸ್ ಪಾರ್ಕಲ್ಲಿ ಥ್ಯಾಂಕ್ಸ್‌ಗಿವಿಂಗ್ ಚಾಲೆಂಜ್ ಗುರು. ಮೂರು ದಿನ, ಮೂರು ರೇಸು. ಮೂರೂ ಮುಗಿಸಿದ್ರೇನೇ ಮೆಡಲ್. ತಮಾಷೆ ಅಲ್ಲ" ಎಂದ. ಬೋಲ್ಟನ್ನಿನ ವೇರ್‌ಹೌಸಿನಲ್ಲಿ ದಿನವಿಡೀ ಡಬ್ಬ ಎತ್ತಿ ಆಗತಾನೇ ಬಂದಿದ್ದ ಬಸವೇಶನಿಗೆ ಸಿಟ್ಟು ಮೂಗಿನ ತುದಿಯಲ್ಲಲ್ಲ, ಮೂಗಿಗಿಂತ ಒಂದು ಗೇಣು ಮುಂದೆಯೇ ಇರುತ್ತಿತ್ತು.

"ಓಡೂದೇನ್ ದೊಡ್ಡ ವಿದ್ಯಾನ? ಬೆನ್ನಿಗೆ ನಾಯಿ ಬಿದ್ರ ಎಲ್ಲಾರೂ ಓಡ್ತಾರ!"

ಒಳಗಿದ್ದ ಹೆಂಡತಿ ರಾಜೇಶ್ವರಿ ಇಂಥದೊಂದು ಮಾತಿಗೇ ಕಾದಿದ್ದವಳಂತೆ ಸೌಟು ಹಿಡಿದು ಹೊರಬಂದಳು. "ಹಂಗಾದ್ರ ನೀವೂ ಓಡ್ರಿ. ಮೂರೂ ಮುಗಿಸಿದ್ರ ಇನ್ನ ಜನ್ಮದಾಗ ನಾ ಸಾಲಿ ಅನ್ನೂ ಶಬ್ದಾ ಬಾಯಾಗ ತರೂದಿಲ್ಲ. ಅರ್ಧಕ್ಕ ಬಿಟ್ರಿ ಅಂದ್ರ, ರೇಸ್ ಮುಗದ ಮರುದಿನ, ಮಂಗಳವಾರ ಸಂಜಿಗೆ ಕ್ಲಾಸಿನ್ಯಾಗ ಕುಂದರಬೇಕು. ಮಾತ್ ಅಂದ್ರ ಮಾತು."

ಸಾಲಿ! ಆ ಶಬ್ದ ಕಿವಿಗೆ ಬಿದ್ದರೆ ಬಸವೇಶನ ಮೈಯೆಲ್ಲ ತುರಿಕೆ. ಹತ್ತನೇ ಇಯತ್ತೆಯ ನಡುವೆ, ಎಲ್ಲರ ಮುಂದೆ 'ಕೋಣ' ಎಂದು ಕರೆದ ಮಾಸ್ತರನ ಟೇಬಲ್ಲಿನ ಮೇಲೆ ಪುಸ್ತಕ ಎಸೆದು ಹೊರಬಿದ್ದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ರಾಜೇಶ್ವರಿ ಮಾತ್ರ, ದೊಡ್ಡವರ ಸಂಜೆ ಶಾಲೆಗೆ ಹೋಗಿ ಹನ್ನೆರಡನೇ ಇಯತ್ತೆ ಮುಗಿಸಿರಿ, ಎಷ್ಟು ದಿನ ಡಬ್ಬ ಹೊರುತ್ತೀರಿ ಎಂದು ದಿನಾ ಊಟದ ಜೊತೆ ಉಪ್ಪಿನಕಾಯಿಯಂತೆ ಬಡಿಸುತ್ತಿದ್ದಳು. ಆಗೆಲ್ಲ ಅವನ ಪರ ನಿಲ್ಲುತ್ತಿದ್ದವಳು ಊರಿನಿಂದ ಬಂದಿದ್ದ ತಾಯಿ ರುದ್ರವ್ವ ಒಬ್ಬಳೇ. "ಬಿಡವ್ವಾ ರಾಜಿ, ಇವ ಹುಟ್ಟಿದಾಗಿಂದ ಒಂದ್ ಕೆಲಸಾನೂ ಪೂರಾ ಮಾಡಿದವಲ್ಲ. ಇವನ ಕೈಲೆ ಆಗೂದಲ್ಲ" ಎನ್ನುತ್ತಿದ್ದಳು. ಮಾತು ಬೈಗುಳದ್ದೇ. ಆದರೂ ಬಸವೇಶನಿಗೆ ಅದು ಮಳೆಗಾಲದ ಕೊಡೆ.

ಹೀಗೆ ಎರಡೂ ಮನೆಯವರು ಹಬ್ಬದ ಲಾಂಗ್ ವೀಕೆಂಡಿಗೆ ಮೋಜಿನ ರೈಡುಗಳ ಜಾಲಿ ಮೂಸ್ ಪಾರ್ಕಿಗೆ ಬಂದಿಳಿದರು. ಮೊದಲ ದಿನದ ಸಣ್ಣ ಓಟವನ್ನು ಬಸವೇಶ ಸಿಟ್ಟಿನಲ್ಲೇ ಮುಗಿಸಿದ. ಎರಡನೆಯ ದಿನದ್ದನ್ನು ಹಟದಲ್ಲಿ ಮುಗಿಸಿದ. ಆದರೆ ಓಟ ಮುಗಿದ ಮೇಲೆ ರಜೆ ಶುರುವಾಗುತ್ತಿತ್ತಲ್ಲ! ರಾಜೇಶ್ವರಿ ಅವನನ್ನು ಎಳೆದುಕೊಂಡು ಹೋಗಿ ಆಕಾಶಕ್ಕೆ ಎಸೆಯುವ ರೈಡು, ನೀರಿಗೆ ದಬ್ಬುವ ರೈಡು, ತಲೆಕೆಳಗಾಗಿ ನೇತುಹಾಕುವ ರೈಡು ಎಲ್ಲದರಲ್ಲೂ ಕೂರಿಸಿದಳು. ಮೂರನೆಯ ದಿನ ಬೆಳಗಾಗುವ ಹೊತ್ತಿಗೆ ಅವನ ತೊಡೆಗಳು ಒಣಗಿದ ಸೌದೆಯಾಗಿದ್ದವು. ಉಳಿದದ್ದು ಇಪ್ಪತ್ತೊಂದು ಕಿಲೋಮೀಟರು.

"ಹಸದ ಹೊಟ್ಟೀಲೆ ಯಾರರ ಓಡ್ತಾರನು?" ಎಂದು ರುದ್ರವ್ವ ಹೋಟೆಲ್ ರೂಮಿನಲ್ಲೇ ಡಬ್ಬಿ ಬಿಚ್ಚಿ ಶೇಂಗಾ ಹೋಳಿಗೆ, ಮೇಲೆ ತುಪ್ಪ ಹಾಕಿ ತಿನ್ನಿಸಿದಳು.

"ಅಯ್ಯೋ ಅಮ್ಮ, ರೇಸಿಗೆ ಮುಂಚೆ ತುಪ್ಪನಾ!" ಮಧುಸೂದನ್ ಹೌಹಾರಿದ. ಅವನ ಸೊಂಟದಲ್ಲಿ ನಾಲ್ಕು ಪುಟ್ಟ ಬಾಟಲಿ, ಕೈಯಲ್ಲಿ ಎದೆಬಡಿತ ಎಣಿಸುವ ಗಡಿಯಾರ, ಜೇಬಿನಲ್ಲಿ ಅಂಟಂಟು ಜೆಲ್ಲು. "ಬಸವೇಶ್, ನನ್ನ ಪೇಸಲ್ಲೇ ಬಾ. ಒಂದು ನೆನಪಿಟ್ಕೊ, ಎಲ್ಲರ ಹಿಂದೆ ಸ್ವೀಪ್ ಕಾರ್ಟ್ ಬರುತ್ತೆ. ಅದು ನಮ್ಮನ್ನ ಹಿಡೀತು ಅಂದ್ರೆ ಮುಗೀತು. ಕೂರಿಸ್ಕೊಂಡು ಹೋಗ್ಬಿಡ್ತಾರೆ."

"ಹಿಂದುಳಿದವ್ರನ್ನ ಬಳಕೊಂಡ್ ಹೋಗೂ ಕಸಬರಿಗಿ ಗಾಡಿ ಅನ್ನು ಹಂಗಾರ," ಎಂದ ಬಸವೇಶ.

ಓಟದ ಗೆರೆಯಲ್ಲಿ ಪಿಸ್ತೂಲು ಸಿಡಿಯಿತು. ಮಧುಸೂದನ್ ಬಾಣದ ಹಾಗೆ ಹೋದ. ಬಸವೇಶನ ಹೊಟ್ಟೆಯೊಳಗಿನ ಹೋಳಿಗೆ ಮಾತ್ರ ಹೊರಟ ಜಾಗದಲ್ಲೇ ಕೂತು ಅವನನ್ನು ಹಿಂದಕ್ಕೆ ಜಗ್ಗುತ್ತಿತ್ತು. ಪಾರ್ಕಿನ ಮರದ ರೋಲರ್ ಕೋಸ್ಟರ್ ಸುತ್ತಿ ಬರುವಷ್ಟರಲ್ಲಿ ತುಪ್ಪ ತನ್ನ ಕೆಲಸ ತೋರಿಸಿತು. ಕಕ್ಕಸಿನ ಮುಂದೆ ಮದುವೆಮನೆಯ ಪಂಕ್ತಿಯಷ್ಟು ಉದ್ದದ ಸಾಲು. ಹೊರಬಂದಾಗ ಅವನ ಜೊತೆ ಹೊರಟವರು ಒಬ್ಬರೂ ಕಾಣಲಿಲ್ಲ. ಒಬ್ಬ ತಾಯಿ ಎರಡು ಮಕ್ಕಳ ತಳ್ಳುಗಾಡಿ ನೂಕುತ್ತ ಅವನನ್ನು ಹಿಂದೆ ಹಾಕಿದಳು. ಆಮೇಲೆ ಬಾಳೆಹಣ್ಣಿನ ವೇಷ ತೊಟ್ಟ ಒಬ್ಬ, "ಗುಡ್ ಜಾಬ್, ಬಡ್ಡಿ!" ಎಂದು ಕೈಬೀಸಿ ಮುಂದೆ ಹೋದ.

'ಮನುಷ್ಯಾ ಹಿಂದ ಹಾಕಿದ್ರ ಹೋಗ್ಲಿ, ಬಾಳೇಹಣ್ಣು ಹಿಂದ ಹಾಕೂದಂದ್ರ!' ಸಿಟ್ಟು ನೆತ್ತಿಗೇರಿತು. ಸಿಟ್ಟೇ ಅವನ ಪೆಟ್ರೋಲು. ಆ ಪೆಟ್ರೋಲಿನಲ್ಲೇ ಅರ್ಧ ದಾರಿ ದಾಟಿದ. ಬಾಳೆಹಣ್ಣಿನ ಸಿಪ್ಪೆಯ ತುದಿ ಕಣ್ಣಿಗೆ ಬೀಳುತ್ತಿದೆ ಎನ್ನುವಾಗ, ದಾರಿಯ ತಿರುವಿನಲ್ಲಿ ಗೊತ್ತಿದ್ದ ಧ್ವನಿಯೊಂದು ಕೇಳಿತು.

"ಏ ಬಸ್ಯಾ! ನಿಂದರ!"

ರುದ್ರವ್ವ. ಇಳಕಲ್ ಸೀರೆಯ ಮೇಲೆ ಮಗನ ಚಳಿಗಾಲದ ಜಾಕೀಟು ಹಾಕಿಕೊಂಡು, ಮೇಪಲ್ ಮರದ ಕೆಳಗೆ ಹೋಟೆಲಿನ ಟವೆಲ್ ಹಾಸಿ, ಮಜ್ಜಿಗೆ, ಚುರುಮುರಿ, ಹೋಳಿಗೆ ಎಲ್ಲ ಒಡ್ಡಿಕೊಂಡು ಕೂತಿದ್ದಳು. ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದವಳು ಆಕೆ. ದಾರಿಯುದ್ದಕ್ಕೂ ನಡೆಯುವವರನ್ನು ಊರವರು ಕೈಹಿಡಿದು ಕೂರಿಸಿ ಉಣ್ಣಿಸುವುದನ್ನು, ಕಾಲು ತಿಕ್ಕುವುದನ್ನು ಕಂಡವಳು. ಇಲ್ಲಿ ಇಷ್ಟೊಂದು ಮಂದಿ ಬೆವರು ಸುರಿಸಿ ಹೋಗುತ್ತಿರುವಾಗ ನೀರಿನ ಲೋಟವನ್ನು ಓಡುವವರ ಕೈಗೆ ಎಸೆದಂತೆ ಕೊಡುವುದು ಆಕೆಗೆ ಸೇರಿರಲಿಲ್ಲ.

"ಅವ್ವಾ, ಗಾಡಿ ಬರಾಕತ್ತೈತಿ, ಬಿಡು!"

"ನಿಂತ್ ಕುಡೀಬಾರ್ದು. ಕುಂತ್ ಕುಡಿ. ಎಲ್ಲಿ, ಕಾಲ್ ತೋರಸು."

ಅವ್ವ ಹಿಡಿದರೆ ಉಡ ಹಿಡಿದ ಹಾಗೆ. ಮಜ್ಜಿಗೆ ಗಂಟಲಿಗಿಳಿಯುವುದರೊಳಗೆ ಬೂಟು ಕಳಚಿ, ಅಂಗಾಲಿಗೆ ಔಡಲೆಣ್ಣೆ ಬಳಿದುಬಿಟ್ಟಿದ್ದಳು. ಬಸವೇಶ ಎದ್ದು ಓಡಿದರೆ ಕಾಲು ಬೂಟಿನೊಳಗೆ ಮೀನಿನ ಹಾಗೆ ಜಾರತೊಡಗಿತು. ಎರಡು ಹೆಜ್ಜೆ ಹೋದರೆ ಒಂದು ಹೆಜ್ಜೆ ಒಳಗೊಳಗೇ ಹಿಂದೆ.

ಅಷ್ಟರಲ್ಲಿ ಬೆನ್ನ ಹಿಂದೆ ಗುರ್ ಎನ್ನುವ ಸದ್ದು. ಅವ್ವನ ಮೇಪಲ್ ಮರದ ಆಚೆಯಿಂದ ಹಳದಿ ದೀಪ ಮಿನುಗಿಸುತ್ತ ಕಸಬರಿಗೆ ಗಾಡಿ ಬರುತ್ತಿತ್ತು. ನಡೆಸುತ್ತಿದ್ದವಳು ಬಿಳಿ ಕೂದಲಿನ ಒಬ್ಬ ಅಜ್ಜಿ. ಹಿಂದಿನ ಸೀಟಿನಲ್ಲಿ, ತೊಡೆಯ ಹಿಂಭಾಗಕ್ಕೆ ಐಸಿನ ಚೀಲ ಕಟ್ಟಿಸಿಕೊಂಡು ಕೂತಿದ್ದವನು ಮಧುಸೂದನ್!

"ಬಸವೇಶ್! ಹ್ಯಾಮ್‌ಸ್ಟ್ರಿಂಗ್ ಹೋಯ್ತು ಗುರು! ನೀನು ದಾಟಿ ಹೋದಾಗ ಫಸ್ಟ್ ಏಡ್ ಟೆಂಟಲ್ಲಿ ಬಿದ್ದಿದ್ದೆ!" ಎಂದು ಕೂಗಿದವನು, ಮರುಕ್ಷಣವೇ ಗಡಿಯಾರ ನೋಡಿ, "ನಿನ್ನ ಪೇಸ್ ತುಂಬಾ ಕಡಿಮೆ ಆಗ್ತಿದೆ! ಭುಜ ಸಡಿಲ ಬಿಡು! ಮೂಗಲ್ಲಿ ಉಸಿರು ತಗೊ!"

"ನೀ ಮದ್ಲ ಬಾಯಿ ಮುಚ್ಚು, ಆಮ್ಯಾಲೆ ನಾ ಮೂಗಿಂದು ನೋಡ್ತೀನಿ!"

ಓಡಿದ. ಕಣ್ಣ ಮುಂದೆ ಶಾಲೆಯ ಬೆಂಚು, ಕರಿಹಲಗೆ, ಮಾಸ್ತರನ ಮೀಸೆ. ಇಂಥ ಹೊತ್ತಿನಲ್ಲಿ ಅವನ ಒಳಗಿನವನು ಯಾವಾಗಲೂ 'ಸಾಕ್ ಬಿಡಲೇ' ಅನ್ನುತ್ತಿದ್ದ. ಜಿಮ್ಮಿನಲ್ಲಿ ಅಂದಿದ್ದ, ಕಾರು ಕಲಿಯುವಾಗ ಅಂದಿದ್ದ, ಹತ್ತನೇ ಇಯತ್ತೆಯಲ್ಲೂ ಅಂದಿದ್ದ. ಈಗಲೂ ಅಂದ. ಬಸವೇಶ ಅವನಿಗೂ ಬಾಯಿ ಮುಚ್ಚು ಎಂದ. ಗಾಡಿ ಇನ್ನೇನು ಬೆನ್ನಿಗೆ ಮುಟ್ಟಬೇಕು ಎಂದು ಕತ್ತು ಒಳಕ್ಕೆಳೆದುಕೊಂಡು ಓಡಿದ. ಮುಟ್ಟಲಿಲ್ಲ. ತಿರುಗಿ ನೋಡಿದರೆ ದಾರಿ ಬರಿದು. ಗಾಡಿಯೂ ಇಲ್ಲ, ದೀಪವೂ ಇಲ್ಲ.

ಯಾಕೆಂದು ಕೇಳಿಕೊಳ್ಳಲು ಉಸಿರಿರಲಿಲ್ಲ. ಕುಂಟಿದ, ತೆವಳಿದ, ಜಾರಿದ. ಕೊನೆಯ ತಿರುವಿನಲ್ಲಿ ಸುಸ್ತಾಗಿ ಬೇಲಿಗೊರಗಿದ್ದ ಬಾಳೆಹಣ್ಣಿನ ರಟ್ಟೆ ಹಿಡಿದು, "ಕಮಾನ್ ಬಡ್ಡಿ!" ಎಂದು ಎಳೆದುಕೊಂಡೇ ಗೆರೆ ದಾಟಿದ. ಯಾರೋ ಕೊರಳಿಗೆ ಮೆಡಲ್ ಹಾಕಿದರು. ಬಸವೇಶ ನೆಲಕ್ಕೆ ಕುಸಿದು ಕೂತ. ಬದುಕಿನಲ್ಲಿ ಮೊದಲ ಸಲ ಏನನ್ನೋ ಕೊನೆಯವರೆಗೆ ಮಾಡಿದ್ದ. ಅಳಬೇಕೋ ನಗಬೇಕೋ ತಿಳಿಯದೆ ಬಾಳೆಹಣ್ಣನ್ನು ತಬ್ಬಿಕೊಂಡ.

"ಮುಗಿಸಿದ್ರಿ!" ಓಡಿಬಂದ ರಾಜೇಶ್ವರಿಯ ಕಣ್ಣಲ್ಲಿ ನೀರು. "ಖರೇನ ಮುಗಿಸಿದ್ರಿ! ನಾ ಸೋತೆ. ಇನ್ನ ಸಾಲೀ ಸುದ್ದಿ ತಗಿಯೂದಿಲ್ಲ, ಮುಗೀತು."

ಆಗ ಗಾಡಿ ಬಂತು. ಅಜ್ಜಿಯ ಒಂದು ಕೈ ಸ್ಟಿಯರಿಂಗಿನ ಮೇಲೆ, ಇನ್ನೊಂದು ಕೈಯಲ್ಲಿ ಹೋಳಿಗೆ. ಪಕ್ಕದಲ್ಲಿ ರಥವೇರಿದ ದೇವಿಯಂತೆ ರುದ್ರವ್ವ.

"ಅಮ್ಮ ದಾರಿ ಮಧ್ಯ ಕೈ ಅಡ್ಡ ಹಿಡ್ಕೊಂಡು ನಿಂತ್ಬಿಟ್ರು ಗುರು!" ಎಂದ ಮಧುಸೂದನ್, ಬಾಯಿತುಂಬ ಚುರುಮುರಿ. "ಹೋಳಿಗೆ ತಿನ್ನದೆ ಗಾಡಿ ಬಿಡಲ್ಲ ಅಂದ್ರು. ನಾನು ಕಡಲೆಕಾಯಿ ಅಲರ್ಜಿ ಇದ್ಯಾ ಅಂತ ಕೇಳ್ದೆ, ಈ ಅಜ್ಜಿ ಇಲ್ಲ ಅಂದ್ಲು. ಒಂದು ತಿಂದ್ಲು, ಇನ್ನೊಂದು ಕೇಳಿದ್ಲು, ಆಮೇಲೆ ಮಾಡೋದು ಹೇಗೆ ಅಂತ ಕೂತ್ಕೊಂಡೇ ಕೇಳಿದ್ಲು!"

ಬಸವೇಶನ ಎದೆ ತುಂಬಿಬಂತು. "ಅವ್ವಾ, ನನ್ನ ಸಾಲಿಯಿಂದ ಉಳಿಸಿದಿ!"

"ಉಳಿಸೂದಕಲ್ಲೋ, ಸಾಲಿಗೆ ಕಳಸೂದಕ." ರುದ್ರವ್ವ ನಿಧಾನವಾಗಿ ಕೆಳಗಿಳಿದಳು. "ಸೋತು ಹೋಗಿದ್ರ ದಂಡಾ ಕಟ್ಟಾಕ ಹೋದಂಗ ಹೋಗ್ತಿದ್ದಿ. ಎಂಟ್ ದಿನಕ್ಕ ಅದನ್ನೂ ಬಿಟ್ಟ್ ಬರ್ತಿದ್ದಿ. ಗೆದ್ದವ ಹೋದ್ರ ಮುಗಿಸ್ತಾನ. ನಾಳಿಂದ ನಡಿ."

"ಅವ್ವಾ! ಗೆದ್ರ ಸಾಲಿ ಇಲ್ಲ ಅಂತ ಮಾತಾಗೈತಿ!"

"ಆ ಮಾತು ನಿನ್ನ ಹೆಂಡ್ತೀದು. ನನ್ನ ಕೂಡ ಏನರ ಮಾತಾಗಿತ್ತನು?" ಆಕೆ ಮಗನ ಬೆವೆತ ತಲೆಯ ಮೇಲೆ ಕೈಯಿಟ್ಟಳು. "ನಿನ್ನ ಕೈಲೆ ಆಗೂದಿಲ್ಲ ಅಂತ ತಿಳದಿದ್ದೆ. ಅದಕ ಇಷ್ಟ್ ದಿನಾ ನಿನ್ನ ಕಡೆ ಮಾತಾಡಿದೆ. ಇವತ್ತ ಕಣ್ಣಾರೆ ನೋಡಿದೆ. ಆಗತೈತಿ ನಿನಗ."

ಬಸವೇಶ ಹೆಂಡತಿಯ ಕಡೆ ನೋಡಿದ. ರಾಜೇಶ್ವರಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತ, "ನಾ ಏನೂ ಅಂದಿಲ್ಲ ನೋಡ್ರಿ ಮತ್ತ," ಎಂದಳು.

"ಮ್ಯಾಥ್ಸ್ ನಾನು ಹೇಳ್ಕೊಡ್ತೀನಿ! ಮೂರು ತಿಂಗಳ ಪ್ಲಾನ್ ಮಾಡೋಣ!" ಎಂದು ಗಾಡಿಯಿಂದ ಮಧುಸೂದನ್.

ಬಸವೇಶ ಸಿಟ್ಟು ಬರಲಿ ಎಂದು ಕಾದ. ಬರಲಿಲ್ಲ. ಆಗತೈತಿ ನಿನಗ ಎಂದು ಅವ್ವನ ಬಾಯಲ್ಲಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆ ಮಾತು ಮೆಡಲ್ಲಿಗಿಂತ ಭಾರವಾಗಿ ಕೊರಳಿಗೆ ಬಿದ್ದಿತ್ತು. ಆದರೂ ಹಳೆಯ ಚಟ. 'ಇದ ತಕ್ಕ ಟೈಮು, ಎದ್ದ್ ಓಡಿಬಿಡೋ' ಎಂದು ಒಳಗಿನವನು ಪಿಸುಗುಟ್ಟಿದ.

ಬಸವೇಶ ಏಳಲು ನೋಡಿದ. ಕಾಲು ಏಳಲಿಲ್ಲ.